ಹಾರ ಹಾಕಿದ ಗೂಟಗಳು

ನೌಕಾಪಡೆಗೆ ಒಂದೇ ಮಾದರಿಯ ಗಸ್ತು ಹಡಗುಗಳನ್ನು ಕಟ್ಟುತ್ತಿದ್ದ ಕಾಲ. ಹಡಗಿನ ಹಗ್ಗ ಸುತ್ತುವ ಉಕ್ಕಿನ ಗೂಟಗಳ ಎರಕ ಗೋಕುಳ ಶಿರಗಾಂವದ ನಮ್ಮ ಫೌಂಡ್ರಿಗೆ ಬರುವುದಿತ್ತು. ಮೊದಲು ನಾಲ್ಕು ಗೂಟ ಪಾಸಾಗಬೇಕು, ಪಾಸಾದರೆ ಅಷ್ಟೂ ಹಡಗಿನ ಕೆಲಸ ನಮ್ಮದೇ.

ತಪಾಸಣೆಯ ದಿನ ನಮ್ಮ ಮಿಸ್ತ್ರಿ ಬಸಪ್ಪ ಗೂಟಗಳಿಗೆ ಬಣ್ಣ ಬಳಿದು, ಕುಂಕುಮ ಹಚ್ಚಿ, ಹಾರ ಹಾಕಿ ನಿಲ್ಲಿಸಿದ್ದ. ಹೊಸ ಮಾಲು ನಮ್ಮಲ್ಲಿ ಹಾಗೇ ಹೊರಡುವುದು.

ಬಂದ ಸಾಹೇಬರು ಕಾರವಾರದ ಕಡೆಯವರು. "ಇದು ಗೂಟವೋ ಮದುಮಗನೋ? ಬಣ್ಣದ ಕೆಳಗೆ ಏನಿದೆ ಅಂತ ಹೇಗೆ ನೋಡಲಿ?"

"ನೀವು ಬರ್ತೀರಂತ ಚಂದ ಮಾಡೇವ್ರಿ ಸಾಹೇಬ್ರ," ಅಂದ ಬಸಪ್ಪ.

"ಊಟ ಮಾಡಿ ಬರುತ್ತೇನೆ. ಅಷ್ಟರಲ್ಲಿ ಬಣ್ಣ ಹೋಗಿರಬೇಕು."

ನಾನೇ ತಂತಿ ಬ್ರಶ್ ಹಿಡಿದು ಕೂತೆ. ಮೂರು ಗೂಟ ಚೊಕ್ಕ ಇದ್ದವು. ನಾಲ್ಕನೆಯದರ ಬುಡದಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಅದರ ತುಂಬ ಮೇಣ ಕಲಸಿದ ಕಬ್ಬಿಣದ ಪುಡಿ.

"ನೀರಿನ ಪಂಪಿಗೂ ಹಿಂಗ ತುಂಬತೇವಲ್ರಿ ಶೇಟ್ರ. ಯಾರ ಕೇಳ್ಯಾರ?" ಅಂದ ಬಸಪ್ಪ.

"ಪಂಪ್ ಕೆಟ್ಟರ ಬೆಳಿ ಒಣಗತದೋ. ಇದು ಮುರದರ ಮಂದಿ ಸಾಯ್ತಾರ," ಅಂದು ಗ್ಯಾಸ್ ಕಟರ್ ಹಚ್ಚಿಸಿ ಅದನ್ನು ಎರಡು ತುಂಡು ಮಾಡಿಸಿದೆ.

ಸಾಹೇಬರು ಬಂದು ತುಂಡು ನೋಡಿದರು. "ಯಾಕೆ ಕತ್ತರಿಸಿದಿರಿ? ಹೇಗೂ ನಾನು ಪಾಸ್ ಮಾಡುತ್ತಿರಲಿಲ್ಲ."

"ನೀವು ಮಾಡೂದಿಲ್ರಿ. ನಾಳೆ ಮತ್ತೊಬ್ಬ ಸಾಹೇಬ್ರು ಬಂದಾಗ ಇದನ್ನ ದಾಟಸೂ ಆಶಾ ನಮಗ ಆಗಬಾರದಲ್ರಿ."

ಮೂರಕ್ಕೆ ಸಹಿ ಹಾಕಿ, ನಾಲ್ಕನೆಯದನ್ನು ಹೊಸದಾಗಿ ಹೊಯ್ಯಲು ಎಂಟು ದಿನ ಕೊಟ್ಟರು. ಅದೂ ಪಾಸಾಯಿತು, ಕೆಲಸ ಕೈಗೆ ಬಂತು. ಆ ಎಂಟು ದಿನ ಬಸಪ್ಪ ನನ್ನ ಜೊತೆ ಮಾತು ಬಿಟ್ಟಿದ್ದ. ಆಗ ಹೊಯ್ದಷ್ಟು ಒಳ್ಳೆಯ ಎರಕ ಅವನು ಮುಂದೆ ಎಂದೂ ಹೊಯ್ಯಲಿಲ್ಲ.