ಅಪ್ಪನ ಕಪ್ಪು ಮೀಸೆ, ಅಮ್ಮನ ರಾತ್ರಿ ಕ್ರೀಮು

ನನ್ನ ಮದುವೆ ಗೊತ್ತಾದ ಹೊಸತು. ಸೀರೆ ತರಲು ಅಪ್ಪ, ಅಮ್ಮ, ನಾನು ತಿಪಟೂರಿಗೆ ಹೊರಟಿದ್ದೆವು. ದಂಡಿನಶಿವರದ ಕಡೆಯಿಂದ ಬಂದು ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಾಯಿಸಬೇಕು. ಅಮ್ಮ ಮೆಟ್ಟಿಲಿಗೆ ಕಾಲಿಡುತ್ತಿದ್ದಾಗ ಕಂಡಕ್ಟರ್ ಅಪ್ಪನಿಗೆ ಹೇಳಿದ: "ಅವ್ವನ ಕೈ ಹಿಡ್ಕೊಂಡು ಹತ್ಸಪ್ಪ, ಬಿದ್ದುಗಿದ್ದಾರು."

ಅಪ್ಪ ಅಮ್ಮನಿಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. "ಅವ್ಳು ನನ್ನ ಹೆಂಡ್ತಿ ಕಣಯ್ಯ" ಅನ್ನಬಹುದಿತ್ತು. ಅನ್ನಲಿಲ್ಲ. ಕಪ್ಪು ಮೀಸೆಯಡಿ ಒಂದು ನಗು ನಕ್ಕು, ಮಹಾ ಮಾತೃಭಕ್ತನ ಹಾಗೆ ಅಮ್ಮನ ಕೈ ಹಿಡಿದು ಹತ್ತಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮ ತಿಪಟೂರು ಬರುವ ತನಕ ಕಿಟಕಿಯಾಚೆಯ ತೋಟಗಳನ್ನೇ ನೋಡುತ್ತ ಕೂತಳು. ಇಳಿದ ಮೇಲೆ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು.

"ನೋಡು, ಬೀಗರ ಮುಂದೆ, ವೀಡಿಯೋ ಲೈಟಿನ ಮುಂದೆ, ನಿಮ್ಮಪ್ಪನಿಗೆ ಅವ್ವ ಅನ್ನಿಸ್ಕೊಳ್ಳಾಕೆ ನನ್ ಕೈಲಾಗಲ್ಲ. ಧಾರೆಗೆ ನಿಮ್ಮ ಚಿಕ್ಕಪ್ಪ ಚಿಕ್ಕಮ್ಮನ್ನ ನಿಲ್ಸ್ಕೋ. ನಾನು ಅಡುಗೆ ಕಡೆ ನೋಡ್ಕೋತೀನಿ."

"ಹುಚ್ಚು ಹಿಡಿದೈತಾ ನಿಂಗೆ?" ಅಂದೆ. ಅಂದದ್ದು ಜೋರಾಗಿಯೇ. ಹೆತ್ತವಳು ಒಲೆಯ ಮುಂದೆ ಕೂತಿರುವಾಗ ನನ್ನ ಕೈಗೆ ಇನ್ಯಾರೋ ಧಾರೆ ಎರೆಯುವುದೇ? ನನಗೆ ಬೇಡವೇ ಬೇಡ ಅನ್ನಿಸಿತು.

ಸೀರೆ ಅಂಗಡಿಯಲ್ಲಿ ಅಪ್ಪನನ್ನು ಕೂರಿಸಿ, ಅಮ್ಮನನ್ನು ಪಕ್ಕದ ಬ್ಯೂಟಿ ಪಾರ್ಲರಿಗೆ ಕರೆದುಕೊಂಡು ಹೋದೆ. ಅಲ್ಲಿಗೆ ಹೊಸ ಯಂತ್ರವೊಂದು ಬಂದಿತ್ತು. ಟಾರ್ಚಿನಂಥದ್ದನ್ನು ಕೆನ್ನೆಗೆ ಒತ್ತಿದರೆ ಚರ್ಮ ಟಿ.ವಿ.ಯಲ್ಲಿ ದೊಡ್ಡದಾಗಿ ಕಾಣುತ್ತದೆ. ಅಮ್ಮನ ಕೆನ್ನೆ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕುಬಿರುಕಾಗಿ ಮೂಡಿತು.

"ಈಗಿನ ಕ್ರೀಮು ಆ ಕಾಲದ ಸ್ನೋ, ಪೌಡರ್ ಥರ ಮೇಲೆ ಮುಚ್ಚೋದಿಲ್ಲ ಆಂಟಿ," ಅಂದಳು ಪಾರ್ಲರಿನ ಹೆಂಗಸು. "ವಿಟಮಿನ್ ಎ ಇಂದ ಮಾಡಿರೋದು. ಹಳೇ ಚರ್ಮ ತೆಗೆದು ಒಳಗಿಂದ ಹೊಸದು ತರುತ್ತೆ. ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು. ಬಿಸಿಲು ಮಾತ್ರ ಸೋಕಿಸ್ಬೇಡಿ." ತನ್ನ ಕೆನ್ನೆಯನ್ನೇ ಟಿ.ವಿ.ಯಲ್ಲಿ ಕಂಡವಳು ಕೊಳ್ಳದೆ ಹೇಗೆ ಬಂದಾಳು? ಸೀರೆಗಳ ಜೊತೆ ಟ್ಯೂಬೂ ಊರಿಗೆ ಬಂತು.

ನಮ್ಮದು ಕೊಬ್ಬರಿ ನಂಬಿದ ಮನೆ. ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಅಟ್ಟದ ಮೇಲೆ ಬಿದ್ದು, ನೀರೆಲ್ಲ ಬತ್ತಿ, ಅಲ್ಲಾಡಿಸಿದರೆ ಒಳಗೆ ಗುಡುಗುಡು ಅಂದರೇ ಅದಕ್ಕೆ ಬೆಲೆ. ಮುಪ್ಪನ್ನು ಮಾರಿ ಉಣ್ಣುವ ಇಂಥ ಮನೆಗೆ ಮುಪ್ಪು ಕಳೆಯುವ ವಿಜ್ಞಾನ ಕಾಲಿಟ್ಟಿತು. ಕಾಯಿ ಒಡೆದ ಮೇಲೂ ಒಂದಿಷ್ಟು ಬಿಸಿಲು ತೋರಿಸದೆ ನಾವು ಮಾರುಕಟ್ಟೆಗೆ ಕಳಿಸುವವರಲ್ಲ. ಒಂದು ಮಧ್ಯಾಹ್ನ ನೋಡುತ್ತೇನೆ, ಅಂಗಳದಲ್ಲಿ ಕೊಬ್ಬರಿ ಹರವಿದೆ, ಅಮ್ಮ ಕಾಗೆ ಓಡಿಸುವ ಕೋಲು ಹಿಡಿದು ಕೂತಿದ್ದಾಳೆ, ಮುಖದ ತುಂಬ ಕ್ರೀಮು ಮೆತ್ತಿದೆ.

"ಅಯ್ಯೋ, ರಾತ್ರಿ ಅಂದಿದ್ರಲ್ಲಮ್ಮ!"

"ಬುಡೇ ಸಾಕು. ಬಿಸ್ಲು ಕಾಣದೆ ಯಾವ್ದು ಹದಕ್ಕೆ ಬಂದೈತೆ? ಹಿಂಗಾದ್ರೆ ಬಿರ್ರನೆ ಹಿಡೀತದೆ."

ಹಿಡಿಯಿತು. ವಾರದೊಳಗೆ ಮುಖ ಕೆಂಡದ ಹಾಗಾಗಿ ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು. ವಿಜ್ಞಾನ ಅರ್ಧ ಮಾತನ್ನಂತೂ ಉಳಿಸಿಕೊಂಡಿತ್ತು: ಹಳೇ ಚರ್ಮ ಹೋಗಿತ್ತು, ಹೊಸದರ ಸುಳಿವಿರಲಿಲ್ಲ. ಎಳನೀರು, ಬೆಣ್ಣೆ, ಏನು ಸವರಿದರೂ ಉರಿ ನಿಲ್ಲಲಿಲ್ಲ. "ನಿಮ್ಮ ಚಿಕ್ಕಮ್ಮನಿಗೆ ಹೇಳಿದ್ಯಾ?" ಎಂದು ಅಮ್ಮ ದಿನಾ ಕೇಳುತ್ತಿದ್ದಳು. ನಾನು ಹೇಳಿರಲಿಲ್ಲ.

ಚಪ್ಪರದ ಹಿಂದಿನ ದಿನ ಅಪ್ಪ ಹಿತ್ತಲಿನ ಕಲ್ಲಿನ ಮೇಲೆ ಹಳೇ ಟವೆಲ್ ಹೊದ್ದು ಕೂತರು. ಅವರ ತಲೆ, ಮೀಸೆ ಹುಟ್ಟಾ ಕಪ್ಪು ಎಂದು ಊರಿಗೆಲ್ಲ ಹೇಳಿಕೊಂಡಿದ್ದರು. ಬಾಗಿಲು ಹಾಕಿಕೊಂಡು ಬಟ್ಟಲಲ್ಲಿ ಕಪ್ಪು ಬಣ್ಣದ ಪುಡಿ ಕಲಸಿ, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ತಿಂಗಳು ತಿಂಗಳೂ ಹಚ್ಚುತ್ತಿದ್ದವಳು ಅಮ್ಮ. ಮದುವೆ ಓಡಾಟದಲ್ಲಿ ಈ ಸಲ ತಡವಾಗಿ ಬುಡವೆಲ್ಲ ಬೆಳ್ಳಗೆ ಇಣುಕುತ್ತಿತ್ತು.

"ವಯಸ್ಸು ಬಂದಂಗೆ ಬರ್ಲಿ ಅಂತ ಇರ್ಬೇಕು ಕಣೇ," ಅಪ್ಪ ಪ್ರವಚನ ಶುರು ಮಾಡಿದರು. "ದೇವ್ರು ಕೊಟ್ಟ ಮುಖನ ಈ ಪಾಟಿ ಗೋಳು ಹುಯ್ಕೊಂಡ್ಯಲ್ಲ. ಮನುಷ್ಯ ಸಹಜವಾಗಿದ್ರೇ ಚಂದ. ಹೂಂ, ಕಿವಿ ಹಿಂದೆ ಸರ್ಯಾಗಿ ಹಚ್ಚು."

ಅದ್ದಿದ ಬ್ರಷ್ಷು ಅವರ ತಲೆ ಮುಟ್ಟುವ ಮೊದಲೇ ನಿಂತಿತು. ಅಮ್ಮ ಬ್ರಷ್ಷು ನೋಡಿದಳು, ಅಪ್ಪನ ತಲೆ ನೋಡಿದಳು. ಬಾಗಿಲಲ್ಲಿದ್ದ ನನಗೂ ಆಗಲೇ ಹೊಳೆದದ್ದು. ಅಪ್ಪನನ್ನು ಮಗನ ವಯಸ್ಸಿಗೆ ಇಳಿಸಿದ್ದೂ ಅಮ್ಮನನ್ನು ಅವ್ವನ ವಯಸ್ಸಿಗೆ ಏರಿಸಿದ್ದೂ ಬ್ರಷ್ಷು ಹಿಡಿದ ಅದೇ ಕೈ. ಅಮ್ಮ ಬಟ್ಟಲನ್ನು ತೆಂಗಿನ ಬುಡಕ್ಕೆ ಬೋರಲು ಹಾಕಿದಳು.

"ಹಂಗಾದ್ರೆ ಸಹಜವಾಗೇ ಇರ್ರೀ."

"ಲೇ, ಬೀಗರು ಏನಂದ್ಕೊಂಡಾರು!" ಅಪ್ಪ ಕೂಗಾಡಿದರು, ಬೇಡಿಕೊಂಡರು, ನನ್ನ ಕಡೆ ತಿರುಗಿದರು. "ಕಲಸಾಕೆ ನಂಗೆ ಬರಲ್ಲಪ್ಪ," ಅಂದೆ. ಹುಟ್ಟಾ ಕಪ್ಪು ಅಂದವರು ಅಂಗಡಿಯಲ್ಲಿ ಬಣ್ಣ ಕೇಳುವುದು ಹೇಗೆ? ಸಂಜೆಗೆ ಕ್ಷೌರದಂಗಡಿಗೆ ಹೋಗಿ ಕಪ್ಪು ತುದಿಗಳನ್ನೆಲ್ಲ ಕತ್ತರಿಸಿಕೊಂಡು ಬಂದರು. ಉಳಿದದ್ದು ಬರೀ ಹತ್ತಿ. ಊರಲ್ಲಿ ಯಾರೂ ಬೆರಗಾಗಲಿಲ್ಲ, ಅದೇ ಅಪ್ಪನಿಗೆ ಹೆಚ್ಚು ನೋವು.

ಮದುವೆಯ ದಿನ ನಾನು ಮಂಟಪದಲ್ಲಿ ಕೂತು ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದೆ. ಧಾರೆಗೆ ಕರೆದರು. ಅಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊರಗೆ ಬಂದಳು, ಕೆನ್ನೆ ಇನ್ನೂ ಸಿಪ್ಪೆಸಿಪ್ಪೆ. ಹಿಂದೆ ಮುಖ ಬಿಗಿದುಕೊಂಡು ಅಪ್ಪ. ಇಬ್ಬರನ್ನೂ ಮೊದಲ ಸಲ ಕಂಡ ಗಂಡಿನ ಕಡೆಯ ಅಜ್ಜಿಯೊಬ್ಬರು ಅಮ್ಮನಿಗೆ ಹೇಳಿದರು: "ನಿಮ್ಮ ಮಾವನೋರ ಕೈ ಹಿಡ್ಕಳಮ್ಮ, ಮೆಟ್ಲು ಒದ್ದೆಯಾಗೈತೆ."

"ಅವರು ನನ್ನ ಯಜಮಾನರು" ಅನ್ನಬಹುದಿತ್ತು ಅಮ್ಮ. ಅನ್ನಲಿಲ್ಲ. ವೀಡಿಯೋ ಲೈಟಿನ ಎದುರಿಗೇ ಒಂದು ನಗು ನಕ್ಕು, ಅಪ್ಪನ ಕೈ ಹಿಡಿದು, ಹುಷಾರಾಗಿ ಹತ್ತಿಸಿಕೊಂಡು ಬಂದಳು.