ತಿಮಿಂಗಿಲದ ಜೋಲಿಯಲ್ಲಿ ಮಲಗಿದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಅಂಚು ಸೀಳಿ, ಹಳದಿಗಟ್ಟಿತ್ತು. ಯಾವ ಹೊಲಿಗೆಯನ್ನೇ ಆಗಲಿ, ಅಳತೆಯ ಟೇಪು ಹಿಡಿಯುವ ಮೊದಲು ಆ ಬೆರಳಿನಿಂದ ಸವರಿ ನೋಡುತ್ತಿದ್ದರು. ಒರಟು ಸಿಕ್ಕರೆ "ಥೂ" ಎನ್ನುತ್ತಿದ್ದರು. ಆ ಒಂದು ಅಕ್ಷರಕ್ಕೆ ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲರೂ ಹೆದರುತ್ತಿದ್ದರು, ಕನ್ನಡ ಬಾರದವರೂ.

ಅಮೆರಿಕದ ವಾಯವ್ಯ ಮೂಲೆಯ ಕೆಂಟ್ ಊರಿನ ಗೋದಾಮುಗಳ ಸಾಲಿನಲ್ಲಿ ನಮ್ಮ ಕಂಪನಿ. ವಿಮಾನದ ಬಿಡಿಭಾಗಗಳನ್ನು ಎತ್ತಿ ಸಾಗಿಸುವ ಬೆಲ್ಟು, ಬಲೆ, ಜೋಲಿಗಳನ್ನು ಹೊಲಿಯುವುದು ಕೆಲಸ. ಅವರು ಗುಣಮಟ್ಟ ತಪಾಸಣೆಯ ಮುಖ್ಯಸ್ಥೆ, ನಾನು ಅವರ ಕೈಕೆಳಗಿನ ಇಂಜಿನಿಯರ್. ಇಬ್ಬರೂ ಮೈಸೂರಿನವರು. ಅವರ ಮನೆಮಂದಿ ಕರೆಯುವಂತೆ ನಾನೂ ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದೆ.

ಒಂದು ಚಳಿಗಾಲದಲ್ಲಿ ವಿಚಿತ್ರ ಆರ್ಡರ್ ಬಂತು. ದಕ್ಷಿಣದ ಯಾವುದೋ ಮನರಂಜನಾ ಪಾರ್ಕಿನ ಕೊಳದಲ್ಲಿ ವರ್ಷಗಟ್ಟಲೆ ಕುಣಿಸಿದ್ದ ಓರ್ಕಾ ತಿಮಿಂಗಿಲವೊಂದನ್ನು ವಿಮಾನದಲ್ಲಿ ಬೇರೆ ದೇಶದ ಅಂಥದೇ ಪಾರ್ಕಿಗೆ ಕಳಿಸಬೇಕಿತ್ತು. ಅದನ್ನು ನೀರಿನಿಂದ ಎತ್ತಿ, ದಾರಿಯುದ್ದಕ್ಕೂ ಮಲಗಿಸಿಕೊಂಡು ಹೋಗುವ ಜೋಲಿ ನಾವು ಮಾಡಬೇಕು. ಪಾರ್ಕಿನವರ ಕರಪತ್ರದಲ್ಲಿ 'ಹೊಸ ಮನೆ, ಹೊಸ ಗೆಳೆಯರು' ಎಂದು ಅಚ್ಚಾಗಿತ್ತು. ನಮ್ಮ ಮ್ಯಾನೇಜರ್ ತಿಮಿಂಗಿಲದ ಆಕಾರದ ಕೇಕ್ ತರಿಸಿದ. ವಾರಾಂತ್ಯದಲ್ಲಿ ದೋಣಿ ಹತ್ತಿ, ಕಡಲಲ್ಲಿ ಓರ್ಕಾ ಕಂಡರೆ ಕಣ್ಣು ಒರೆಸಿಕೊಳ್ಳುವ ಜನವೇ ಸಾಲುಗಟ್ಟಿ ನಿಂತು ಆ ಕೇಕಿನ ಬಾಲ ತಿಂದರು. ನಾನೂ ತಿಂದೆ. ಆಪಾ ತಟ್ಟೆ ಮುಟ್ಟಲಿಲ್ಲ.

"ಒಂದು ತೊಟ್ಟಿಯಿಂದ ಎತ್ತಿ ಇನ್ನೊಂದು ತೊಟ್ಟಿಗೆ ಹಾಕ್ತಾರೆ. ಅದಕ್ಕೆ ಗೃಹಪ್ರವೇಶ ಬೇರೆ! ನಾಚಿಕೆಗೆಟ್ಟೋರು."

"ಹಾಗಾದ್ರೆ ನಾವ್ಯಾಕೆ ಮಾಡ್ಬೇಕು ಆಪಾ?"

"ನಾವ್ ಮಾಡ್ದಿದ್ರೆ ಇನ್ಯಾರೋ ಮಾಡ್ತಾರೆ, ಕೆಟ್ಟದಾಗಿ. ಅದು ಹೋಗೋದನ್ನ ತಪ್ಸೋಕೆ ನನ್ನ ಕೈಲಾಗಲ್ಲಮ್ಮ. ಮೈ ತರಚದ ಹಾಗೆ ನೋಡ್ಕೋಬಹುದು."

ಜೋಲಿ ಸಿದ್ಧವಾಯಿತು. ಈಜುರೆಕ್ಕೆಗಳು ಹೊರಬರಲು ಎರಡೂ ಬದಿಗೆ ತೂತು. ಆಪಾ ಅಂಚು ಸವರಿದರು. ಥೂ. ಕುರಿ ತುಪ್ಪಟದ ಮೆತ್ತನೆಯ ಒಳಪದರ ಇರಬೇಕಾದಲ್ಲಿ ಅಗ್ಗದ ಬಟ್ಟೆ ಮಡಿಚಿ ಹೊಲಿದಿದ್ದರು. ಬದಲಾಯಿಸಲು ಒಂದು ವಾರ ಬೇಕು, ಆಗುವುದಿಲ್ಲ ಎಂದು ಮ್ಯಾನೇಜರ್ ನಕ್ಕ.

ಆಪಾ ಶೂ ಬಿಚ್ಚಿದರು. ತಲೆಯ ಸ್ಕಾರ್ಫ್ ಬಿಗಿಮಾಡಿಕೊಂಡರು. ಅರವತ್ತರ ಹತ್ತಿರದ ಆ ಹೆಂಗಸು ಜೋಲಿಯೊಳಗೆ ಬೋರಲು ಮಲಗಿ, ತೂತಿನಿಂದ ತೋಳು ಹೊರಚಾಚಿ, ಕ್ರೇನ್ ಎತ್ತಲು ಹೇಳಿದರು. ಇಡೀ ಲಂಚ್ ಸಮಯ ತೂಗಾಡಿದರು. ಮಣಿಕಟ್ಟಿನವರೆಗೂ ಮೈ ಮುಚ್ಚಿಕೊಳ್ಳುತ್ತಿದ್ದವರು ಕೆಳಗಿಳಿದು, ಎಲ್ಲರೆದುರು ಅಂಗಿಯ ತೋಳು ಮೇಲೇರಿಸಿದರು. ರಟ್ಟೆಯ ಒಳಬದಿಯ ಚರ್ಮ ಕೆಂಪಗೆ ತರಚಿ ಹೋಗಿತ್ತು.

"ತಿಮಿಂಗಿಲ ಬಂದು ಕಂಪ್ಲೇಂಟ್ ಮಾಡೋದಿಲ್ಲ" ಎಂದ ಮ್ಯಾನೇಜರ್.

"ಅದಕ್ಕೇ ನನಗೆ ಸಂಬಳ ಕೊಡ್ತಿರೋದು ನೀವು" ಎಂದರು ಆಪಾ. ತಪಾಸಣೆಯ ಕಾಗದಕ್ಕೆ ಸಹಿ ಹಾಕಲಿಲ್ಲ.

ಅವನು ಅದೇ ಕಾಗದವನ್ನು ನನ್ನ ಮೇಜಿಗೆ ತಂದ. ಕಂಪನಿಯೇ ಹಾಕಿದ್ದ ನನ್ನ ಗ್ರೀನ್ ಕಾರ್ಡ್ ಅರ್ಜಿಯ ವಿಷಯ ತಾನಾಗಿ ಎತ್ತಿದ. ಬೆದರಿಸಲಿಲ್ಲ, ಅಕ್ಕರೆಯಿಂದ ವಿಚಾರಿಸಿದ. ಅವನನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಪೆನ್ನಿನ ಕ್ಯಾಪ್ ತೆಗೆದ ನನ್ನ ಕೈಯನ್ನು ನೆನೆದರೆ ಇನ್ನೂ ಹೆಚ್ಚು. 'ಪರಿಶೀಲಿಸಲಾಗಿದೆ, ಸರಿಯಾಗಿದೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಆಪಾಗೆ ನಾನೇ ಹೇಳಿದೆ.

"ಎಷ್ಟು ಹೊತ್ತು ಯೋಚ್ನೆ ಮಾಡ್ದೆ?"

"ಒಂದ್ನಿಮಿಷನೂ ಇಲ್ಲ."

"ಥೂ" ಎಂದರು. ಆಮೇಲೆ ಫ್ಲಾಸ್ಕಿನಲ್ಲಿದ್ದ ಚಹಾದಲ್ಲಿ ಅರ್ಧ ನನ್ನ ಲೋಟಕ್ಕೆ ಬಗ್ಗಿಸಿದರು.

ಆ ಮಧ್ಯಾಹ್ನ ಅವರು ಪಾರ್ಕಿನ ಪಶುವೈದ್ಯೆಗೆ ಕಾಲ್ ಮಾಡಿ, ತಮ್ಮ ತೋಳಿನ ಫೋಟೋ ಕಳಿಸಿದರು. ಈ ಜೋಲಿಯಲ್ಲಿ ಪ್ರಾಣಿಯನ್ನು ಎತ್ತಲು ಬಿಡುವುದಿಲ್ಲ ಎಂದು ವೈದ್ಯೆ ಹಟ ಹಿಡಿದಳು. ಮ್ಯಾನೇಜರ್ ಒಳಪದರ ಬದಲಾಯಿಸಲು ಒಪ್ಪಬೇಕಾಯಿತು. ವಾರ ಬೇಕೆಂದಿದ್ದ ಕೆಲಸವನ್ನು ಆಪಾ, ನಾನು, ಇಬ್ಬರು ಹೊಲಿಗೆಯವರು ಸೇರಿ ಮೂರೇ ದಿನದಲ್ಲಿ ಮುಗಿಸಿದೆವು. ಫೈಲಿನಲ್ಲಿ ಮಾತ್ರ ನನ್ನ ಹಳೆಯ ಕಾಗದವೇ ಉಳಿಯಿತು. ನಾಲ್ಕನೆಯ ದಿನ, ಗ್ರಾಹಕರೊಂದಿಗೆ ನೇರವಾಗಿ ಮಾತಾಡಿದ ತಪ್ಪಿಗೆ, ಕಂಪನಿಯವರು ಆಪಾ ಅವರನ್ನು ಕೆಲಸದಿಂದ ತೆಗೆದರು. ನನಗೆ ಅವರ ಕುರ್ಚಿ ಕೊಟ್ಟರು. ಅದರಲ್ಲೂ ಕೂತೆ.

ತಿಮಿಂಗಿಲ ತಲುಪಿತು. ಮೈಮೇಲೆ ಒಂದು ಗೀರೂ ಇಲ್ಲ ಎಂದು ವೈದ್ಯೆ ಆಪಾಗೆ ಬರೆದಳು. ತಿಂಗಳೊಳಗೆ ಅಲ್ಲಿ ದಿನಕ್ಕೆ ಮೂರು ಆಟ ಶುರುವಾದವು. ಅದು ನೆಗೆಯುವ, ಜನ ಚಪ್ಪಾಳೆ ಹೊಡೆಯುವ ವಿಡಿಯೋವನ್ನು ಹಳೆಯ ಸಹೋದ್ಯೋಗಿಯೊಬ್ಬ ಖುಷಿಯಿಂದ ಎಲ್ಲರಿಗೂ ಕಳಿಸಿದ. ಆಪಾ ಅವನ ನಂಬರನ್ನೇ ಅಳಿಸಿ ಹಾಕಿದರು.

ಹೋದ ವರ್ಷ ಅವರು ಕೆನ್ಮೋರ್‌ನ ಮಗಳ ಮನೆಯಲ್ಲಿ ತೀರಿಕೊಂಡರು. ಅದಕ್ಕೆ ಕೆಲವು ವಾರ ಮೊದಲು ನೋಡಲು ಹೋಗಿದ್ದೆ. ಮಾತಿಗೂ ಉಸಿರು ಸಾಲುತ್ತಿರಲಿಲ್ಲ. ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಹೇಳಿಬಿಟ್ಟೆ: "ಆ ಫೈಲಲ್ಲಿ ನನ್ನ ಸಹಿ ಹಾಗೇ ಇದೆ ಆಪಾ."

"ಇರ್ಲಿ ಬಿಡು," ಎಂದರು. "ನೀನ್ ಬರ್ದಿದ್ದು ಸುಳ್ಳಾಗಿತ್ತು, ನಾನ್ ನಿಜ ಮಾಡ್ದೆ. ಇನ್ಮೇಲೆ ನಿನ್ನ ಸಹೀನ ನೀನೇ ನಿಜ ಮಾಡ್ಕೋಬೇಕು."