ಪರ್ವತಿ ಬೆಟ್ಟದ ಮಜ್ಜಿಗೆ ಅಜ್ಜಿ

ಪುಣೆಯ ಪರ್ವತಿ ಬೆಟ್ಟದ ಕೊನೆಯ ಮೆಟ್ಟಿಲ ಬಳಿ ಮಜ್ಜಿಗೆ ಮಾರುತ್ತಿದ್ದ ವಿಜಾಪುರದ ಅಜ್ಜಿ, ಏದುಸಿರು ಬಿಡುತ್ತ ಬಂದವರಿಗೆ ಕೂಡಲೇ ಲೋಟ ಕೊಡುತ್ತಿರಲಿಲ್ಲ. ಕೆಳಗಿನ ಸದಾಶಿವ ಪೇಠೆಯ ಹೆಂಚುಗಳತ್ತ ಕೈತೋರಿ, “ಮೊದ್ಲ ಉಸಿರು ತಗೋರಿ, ಊರು ನೋಡ್ರಿ” ಎನ್ನುತ್ತಿದ್ದರು.

ನಮ್ಮ ಮನೆತನದ ಮೊದಲ ಪದವೀಧರನಾದ ನಾನು ದಿನವೂ ಅಲ್ಲಿ ಕುಳಿತು ಸಂದರ್ಶನದ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೆ. “ಗುಡಿಯಾಗಿನ ದೇವ್ರಿಗೂ ಬಾಯಿಪಾಠ ಆಗೇದ ನೋಡು” ಎಂದು ಅವರು ಛೇಡಿಸುತ್ತಿದ್ದರು.

ಸಂದರ್ಶನದಲ್ಲಿ ಮೊದಲ ಪ್ರಶ್ನೆಗೇ ಬಾಯಿಪಾಠವೆಲ್ಲ ಮರೆತುಹೋಯಿತು. ಕಿಟಕಿಯಾಚೆ ನೋಡಿ, ಉಸಿರು ತೆಗೆದುಕೊಂಡು, ಅನಂತರ ಉತ್ತರಿಸಿದೆ.

ನೇಮಕಾತಿ ಪತ್ರ ಬಂದ ದಿನ ಮೆಟ್ಟಿಲುಗಳನ್ನು ಓಡುತ್ತಲೇ ಹತ್ತಿದೆ.

“ಅಜ್ಜೀ, ನನಗ ನೌಕರಿ…”

ಅವರು ಕೈಯೆತ್ತಿ ತಡೆದರು. “ಮೊದ್ಲ ಉಸಿರು ತಗೋ, ತಮ್ಮಾ. ಸುದ್ದಿ ಎಲ್ಲಿ ಓಡಿ ಹೋಗ್ತದ?”

ನಾನು ಊರು ನೋಡುತ್ತ ನಿಂತೆ. ಲೋಟವನ್ನು ಮಾತ್ರ ಅವರು ಆಗಲೇ ತುಂಬಿಸಿದ್ದರು.